ಮಾರ್ಷಲ್ ಪದದ ಕೊನೆಯ ಸಾಲು

ಸಂಪಾದಕರ ಕೆಂಪು ಪೆನ್ನು ಆ ಸಾಲಿನ ಮೇಲೆಯೇ ನಿಂತಿದೆ, ಇನ್ನೂ ಹೊಡೆದಿಲ್ಲ, ದೇವರೇ ಹೊಡೆಯದಿರಲಿ, ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವಳು ಖಚಿತಪಡಿಸಿಕೊಂಡ ಸಾಲು — ಇಂಗ್ಲಿಷಿನ ಮಾರ್ಷಲ್, ಅದರ ಹಿಂದೆ ಹಳೆಯ ಫ್ರೆಂಚಿನ ಮಾರೆಶಲ್, ಅದಕ್ಕೂ ಹಿಂದೆ ಹಳೆಯ ಜರ್ಮನ್ನಿನ ಎರಡು ಪದ, ಮಾರಹ್ ಎಂದರೆ ಕುದುರೆ, ಸ್ಕಾಲ್ಕ್ ಎಂದರೆ ಆಳು, ಅಬ್ಬಾ, ಸೇನೆಯನ್ನೇ ನಡುಗಿಸುವ ಬಿರುದು ಹುಟ್ಟಿದ್ದು ಲಾಯದಲ್ಲಿ! ನಿಘಂಟಿನ ಈ ಕೋಣೆಯಲ್ಲಿ ಇಪ್ಪತ್ತು ವರ್ಷ ಸವೆಸಿದವಳು ಅಂದು ಎದ್ದು ಕುಣಿಯುವುದೊಂದು ಬಾಕಿ. ಅಷ್ಟು ಹಿಂದಕ್ಕೆ ಹೋಗೋದು ಬೇಡಮ್ಮ, ಫ್ರೆಂಚಿಗೇ ನಿಲ್ಲಿಸಿಬಿಡೋಣ, ಸಂಪಾದಕರ ದನಿ, ಮೃದು, ಒಳ್ಳೆಯ ಮನುಷ್ಯ, ಅದೇ ತೊಂದರೆ — ನಿಮ್ಮ ತಂದೆಯವರು ಸೈನ್ಯದಲ್ಲಿ ದೊಡ್ಡ ಅಧಿಕಾರಿ ಆಗಿದ್ದವರು, ಕುದುರೆ ಆಳು ಅಂತ ಓದಿದ್ರೆ ಎಷ್ಟು ನೊಂದ್ಕೋತಾರೆ ಹೇಳಿ. ಅಧಿಕಾರಿ! ಅಪ್ಪ ಸೈನ್ಯದಲ್ಲಿದ್ದರು ಎಂದಷ್ಟೇ ಅವಳು ಹೇಳಿದ್ದು, ಸೇರಿದ ಮೊದಲ ದಿನ, ಅಧಿಕಾರಿಯನ್ನು ಅವರೇ ಸೇರಿಸಿಕೊಂಡರು, ಊರವರ ತಪ್ಪನ್ನೆಲ್ಲ ತಿದ್ದುವ ಮಹಾರಾಯಗಿತ್ತಿ ಇದೊಂದನ್ನು ಹಾಗೇ ಬಿಟ್ಟಳು, ಯಾಕೆ, ಆ ಅಂಗೈಗಳಿಗೆ ನಾಚಿ — ಎಂಟು ವರ್ಷದವಳು ಗೆಳತಿಯ ಜೊತೆ ಲಾಯದ ಬೇಲಿಯಾಚೆ ನಿಂತಿದ್ದಾಳೆ, ಅಪ್ಪ ಬಾಗಿ ಎರಡೂ ಅಂಗೈ ಹೆಣೆದು ಹಿಡಿದಿದ್ದಾನೆ, ಅದರ ಮೇಲೆ ಕುದುರೆ ಏರುತ್ತಿರುವ ಅಧಿಕಾರಿಯ ಕೆಸರು ಬೂಟು, ಗೆಳತಿ ಕಿಸಕ್ಕನೆ ನಕ್ಕಳು, ಇವಳು ಓಡಿದಳು. ಏನಾಯ್ತು ಪುಟ್ಟಿ, ರಾತ್ರಿ ಮನೆಯಲ್ಲಿ ಅಪ್ಪ ಕೇಳಿದ, ಏನಿಲ್ಲಪ್ಪ. ಏನಿಲ್ಲವಂತೆ! ಲಾಯದ ಆ ಕರಿ ಕುದುರೆ ಎಂತೆಂಥ ಶೂರರನ್ನು ಮಣ್ಣು ಮುಕ್ಕಿಸಿತ್ತು, ಅಪ್ಪ ಕತ್ತು ತಟ್ಟಿದರೆ ಸಾಕು, ಕುರಿಮರಿ, ಅದಕ್ಕೆ ದರ್ಜೆ ಗೊತ್ತಾಗಲ್ಲ ಪುಟ್ಟಿ, ಕೈ ಗೊತ್ತಾಗುತ್ತೆ.

ಪೆನ್ನು ಇಳಿಯುತ್ತಿದೆ, ಸಾಲು ಉಳಿಯಬೇಕಾದರೆ ಸುಳ್ಳು ಹೋಗಬೇಕು, ಅದರ ಜೊತೆ ಇಪ್ಪತ್ತು ವರ್ಷದ ಮರ್ಯಾದೆಯೂ ಹೋಗುವುದಾದರೆ ಹಾಳಾಗಿ ಹೋಗಲಿ, ಪಕ್ಕದ ಮೇಜಿನವರು ಕಿವಿ ನಿಮಿರಿಸಿದ್ದಾರೆ, ಕೇಳಿಸಿಕೊಳ್ಳಲಿ — ಹೊಡೀಬೇಡಿ ಸರ್, ನಮ್ಮಪ್ಪ ಅಧಿಕಾರಿ ಅಲ್ಲ, ಕುದುರೆ ಆಳು, ಮೂವತ್ತು ವರ್ಷ ಕುದುರೆ ಮೈ ತಿಕ್ಕಿದೋರು, ಈ ಸಾಲು ತೋರಿಸಿದ್ರೆ ಮೀಸೆ ತಿರುವ್ತಾರೆ. ಇಷ್ಟು ಜೋರಾಗಿ ಅವಳು ಈ ಕೋಣೆಯಲ್ಲಿ ಎಂದಾದರೂ ಮಾತಾಡಿದ್ದಳೇ, ಎದೆ ಉಬ್ಬಿದೆ, ಸಂಪಾದಕರು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದಾರೆ, ಇರಲಿ ಬಿಡಮ್ಮ, ಇರಲಿ, ಅಚ್ಚಾಗುತ್ತದೆ, ಅಪ್ಪನ ಕೆಲಸ ಮಾರ್ಷಲ್‌ನ ಬುಡದಲ್ಲಿ ಅಚ್ಚಾಗುತ್ತದೆ, ಅಂದು ಲಾಯದಲ್ಲಿ ಕುದುರೆ ಏರಿದವನ ಮುಖ ಹೇಗಿತ್ತು, ನೆನಪಿಲ್ಲ, ಬೂಟು ಆಗಲೇ ಮೇಲೆ ಹೋಗಿದೆ, ಅಪ್ಪ ಇನ್ನೂ ಬಾಗಿಯೇ ಇದ್ದಾನೆ, ಬಾಗಿದ ಹಾಗೆಯೇ ಕತ್ತೆತ್ತಿ ಬೇಲಿಯತ್ತ ನೋಡುತ್ತಿದ್ದಾನೆ, ನಗುತ್ತಿದ್ದಾನೆ, ಮಗಳು ನೋಡಲು ಬಂದಿದ್ದಾಳೆಂದು, ಬೇಲಿಯಾಚೆ ಯಾರೂ ಇಲ್ಲ, ಹೆಣೆದ ಅಂಗೈ, ಕೆಸರು, ಆ ಅಂಗೈಗಳು —