ಮೂರು ದಿನದ ಹಿಟ್ಟು

ಡೆಡೆ ಬೇಸಿನ್ನಿನ ಮೇಲಿನ ಹಾಳೆ ಸರಿಸಿ, ಕಲಸಿಟ್ಟ ಮೆಕ್ಕೆಜೋಳದ ಹಿಟ್ಟು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಹಾಗೇ ಉಗಿದಳು.

"ಅಯ್ಯೋ, ಹುಳಿಯೇ ಬಂದಿಲ್ಲ!"

ಅಂಗಳದ ಮೂಲೆಯಲ್ಲಿ ಕೆಂಡದ ಮೇಲೆ ತಿಲಾಪಿಯಾ ಮೀನು ಸುಡುತ್ತಿದ್ದ ಪಕ್ಕದ ಮನೆಯ ಕೊರ್ಕೊರ್ ಬೀಸಣಿಗೆ ನಿಲ್ಲಿಸಿದಳು. "ಗಿರಣಿಗೆ ಯಾವತ್ತು ಹಾಕಿಸಿದೆ?"

"ಗುರುವಾರ. ಬುಧವಾರ ಹೋದ್ರೆ ಕರೆಂಟಿರಲಿಲ್ಲ."

"ಇವತ್ತು ಶನಿವಾರ. ಚೆನ್ನಾಗಾಯ್ತು! ಕೊರ್ಲೆಕಿಯ ಸಾವಿನೂಟಕ್ಕೆ ಎರಡು ದಿನದ ಹಿಟ್ಟು! ನಿಮ್ಮಮ್ಮ ಪೆಟ್ಟಿಗೆಯಿಂದ ಎದ್ದು ಬಂದು ನಿನ್ನ ಕಪಾಳಕ್ಕೆ ಬಾರಿಸ್ತಾಳೆ ನೋಡು."

ಪೆಟ್ಟಿಗೆ ಚಪ್ಪರದ ಕೆಳಗೆ ಇನ್ನೂ ತೆರೆದೇ ಇತ್ತು. ಹನ್ನೆರಡಕ್ಕೆ ಮುಚ್ಚಳ, ಆಮೇಲೆ ಮಣ್ಣು, ಮಣ್ಣು ಮಾಡಿ ಬಂದವರಿಗೆ ಊಟ. ಇನ್ನೂರು ಜನ. ಕೊರ್ಲೆಕಿ ಮೂವತ್ತೆಂಟು ವರ್ಷ ಕ್ಪೊಂಗ್ ಊರಿನ ವ್ಯಾನ್ ನಿಲ್ದಾಣದಲ್ಲಿ ಮೂರು ದಿನ ಹುಳಿಸಿದ ಹಿಟ್ಟಿನ ಬಂಕು ಮುದ್ದೆ, ಸುಟ್ಟ ಮೀನು ಮಾರಿದವಳು. ಬೇರೇನೂ ಮಾಡಿದವಳಲ್ಲ. ನದಿ ದಾಟಿ ಆಚೆ ಹೋದದ್ದು ಎರಡೇ ಸಲ, ಎರಡೂ ಸಲ ಅಲ್ಲಿನ ಮುದ್ದೆ ತಿಂದು ಬೈದುಕೊಂಡೇ ಬಂದಿದ್ದಳು.

"ಮಾಕು ಚಿಕ್ಕಮ್ಮನ ಹತ್ರ ಮೂರು ದಿನದ್ದು ಇದ್ದೇ ಇರುತ್ತೆ," ಡೆಡೆ ಮೆಲ್ಲಗೆ ಅಂದಳು.

"ಇರುತ್ತೆ. ಕೊಡ್ತಾಳಾ? ಒಡಹುಟ್ಟಿದ ಅಕ್ಕನ ಮುಖ ನೋಡೋಕೇ ಬಂದಿಲ್ಲ, ಮಹಾರಾಣಿ."

ಬರುವಂತೆಯೂ ಇರಲಿಲ್ಲ. ನಮ್ಮಲ್ಲಿ ಮಾತು ಬಿಟ್ಟವರು ಮನೆಯ ಹಿರಿಯರ ಮುಂದೆ ಜಗಳ ತೀರಿಸಿ, ಅವರು ಕೊಟ್ಟ ಸೋರೆಬುರುಡೆಯ ನೀರು ಕುಡಿಯದೆ ಹೆಣದ ಮುಖ ನೋಡುವಂತಿಲ್ಲ. ಅಕ್ಕತಂಗಿಯರಾದರೂ ಅಷ್ಟೇ.

ಡೆಡೆ ಕೈ ತೊಳೆದುಕೊಂಡು ಸೋದರಮಾವ ಲಾವೆರನನ್ನು ಹುಡುಕಿಕೊಂಡು ಹೋದಳು. ಈಗ ಮನೆಗೆ ಹಿರಿಯ ಅವನೇ.

*

ಒಂಬತ್ತು ವರ್ಷದ ಹಿಂದೆ ಅಕ್ಕತಂಗಿಯರ ಒಲೆಗಳು ಅಕ್ಕಪಕ್ಕ ಇದ್ದವು. ಜನವರಿಯಲ್ಲಿ ಉತ್ತರದ ಒಣಗಾಳಿ ಬೀಸುವಾಗ ಹಿಟ್ಟು ಹುಳಿಯಾಗಲು ಸತಾಯಿಸುತ್ತದೆ. ಒಬ್ಬ ಡ್ರೈವರ್ ಮಾಕುವಿನ ಮುದ್ದೆ ಮುರಿದು ಬಾಯಿಗಿಟ್ಟು, "ಇದೇನು, ಸಪ್ಪೆ?" ಅಂದ. ಕೊರ್ಲೆಕಿಯ ಬಾಯಿ ಸುಮ್ಮನಿರಬೇಕಲ್ಲ.

"ಅವಳದು ಎರಡು ದಿನದ ಹಿಟ್ಟು ಕಣಪ್ಪ, ಎಳೆಮಕ್ಕಳಿಗೆ. ನಿನಗೆ ಹಲ್ಲು ಬಂದಿದ್ರೆ ಈ ಕಡೆ ಬಾ."

ಬೆಂಚಿನ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮರುದಿನದಿಂದ ಡ್ರೈವರುಗಳ ಬಾಯಲ್ಲಿ ಅವಳು 'ಎರಡು ದಿನದ ಮಾಕು' ಆದಳು.

"ಮೂರು ದಿನದ್ದೇ ಅಂತ ಅವರ ಮುಂದೆ ಒಂದು ಮಾತು ಹೇಳೇ ಅಕ್ಕ," ಎಂದು ಮಾಕು ಕೇಳಿದಳು. ಕೊರ್ಲೆಕಿ ಮೀನು ತಿರುಗಿಸುತ್ತ ಕೂತಳು. ಮಾಕು ಒಲೆಯ ಮೂರೂ ಕಲ್ಲುಗಳನ್ನು ಒಂದೊಂದಾಗಿ ಹೊತ್ತು ರಸ್ತೆ ದಾಟಿದಳು. ಆಮೇಲೆ ಒಂಬತ್ತು ವರ್ಷ ಎದುರುಬದುರು ಕೂತು ವ್ಯಾಪಾರ ಮಾಡಿದರು. ಒಬ್ಬಳು ಕೆಮ್ಮಿದರೆ ಇನ್ನೊಬ್ಬಳಿಗೆ ಕೇಳಿಸುತ್ತಿತ್ತು. ಮಾತು ಮಾತ್ರ ಇಲ್ಲ.

*

ಮಾಕುವಿನ ಅಂಗಡಿ ಮುಚ್ಚಿತ್ತು. ಹಿಂದಿನ ಕೋಣೆಯಲ್ಲಿ ಅವಳು ಸಾವಿನ ಮನೆಗೆ ಹೊರಟವರ ಹಾಗೆ ಕಪ್ಪು ಬಟ್ಟೆ ಉಟ್ಟು, ತಲೆಗೆ ಕೆಂಪು ಪಟ್ಟಿ ಕಟ್ಟಿ, ಸ್ಟೂಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಹಿಟ್ಟಿನ ಬೇಸಿನ್ನುಗಳು. ದಿನಾ ಇರುವಂತೆ ಒಂದಲ್ಲ, ನಾಲ್ಕು. ಬುಧವಾರ ಕರೆಂಟು ಹೋಗುವ ಮೊದಲೇ ಗಿರಣಿ ಬಾಗಿಲಲ್ಲಿ ನಿಂತು ಬೀಸಿಸಿಕೊಂಡು ಬಂದಿದ್ದಳಂತೆ. ವ್ಯಾಪಾರವಿಲ್ಲದ ದಿನ ನಾಲ್ಕು ಬೇಸಿನ್ನು ಯಾರಿಗೆ ಎಂದು ಡೆಡೆ ಕೇಳಲಿಲ್ಲ.

"ಬಾರಮ್ಮ ಮಾಕು," ಲಾವೆರ್ ಅಂದ. "ಗಂಟೆ ಹನ್ನೊಂದಾಯ್ತು. ನೀರು ಕುಡಿದು ಅವಳ ಮುಖ ನೋಡು."

"ಆಡಿದ ಮಾತು ಅವಳು ಹಿಂದೆ ತಗೊಳ್ಳಲಿ. ಬರ್ತೀನಿ."

"ಸತ್ತವಳು ಹೇಗೆ ತಗೋತಾಳೆ ತಾಯಿ? ಅವಳ ಪರವಾಗಿ ನಾನು ತಗೋತೀನಿ."

"ಆಡಿದ್ದು ನೀನಲ್ಲವಲ್ಲ ಅಣ್ಣ. ಹಿಟ್ಟು ಬೇಕಾದ್ರೆ ಹೊತ್ಕೊಂಡು ಹೋಗಿ. ನಾನು ಬರಲ್ಲ."

ಡೆಡೆಗೆ ತಡೆಯಲಾಗಲಿಲ್ಲ. ಯಾರಿಗೂ ಹೇಳಬೇಡ ಎಂದು ಅಮ್ಮ ಆಣೆ ಹಾಕಿಸಿಕೊಂಡಿದ್ದಳು. ಆಣೆ ಹಾಳಾಗಲಿ.

"ಚಿಕ್ಕಮ್ಮಾ, ಅಮ್ಮನ ಮೂಗು ಸತ್ತು ನಾಲ್ಕು ವರ್ಷ ಆಗಿತ್ತು."

"ಏನಂದೆ?"

"ಆ ದೊಡ್ಡ ಜ್ವರ ಬಂತಲ್ಲ, ಆಮೇಲೆ ವಾಸನೆ ಇಲ್ಲ, ರುಚಿ ಇಲ್ಲ. ನೀನು ಗಿರಣಿಗೆ ಹೋದ ದಿನವೇ ನಮ್ಮನ್ನೂ ಕಳಿಸ್ತಿದ್ಲು. ಬೆಳಗ್ಗೆ ಮುಚ್ಚಳ ತೆಗೆದು ಮೂಸೋ ಹಾಗೆ ಮಾಡ್ತಿದ್ಲು, ಕಣ್ಣೆಲ್ಲ ರಸ್ತೆಯಾಚೆ. ನೀನು ಪಾತ್ರೆ ಒಲೆ ಮೇಲಿಟ್ಟ ಮೇಲೇ ನನಗೆ 'ಬೆಂಕಿ ಹಾಕೇ' ಅನ್ನೋದು."

ಮಾಕು ಅವಳನ್ನೇ ನೋಡಿದಳು. "ಹೋದ ವರ್ಷ ನಾನು ಕಾಲು ಉಳುಕಿ ಮಲಗಿದ್ನಲ್ಲ, ಆ ವಾರ?"

"ಆ ವಾರ ನಾವೂ ಅಂಗಡಿ ತೆರೀಲಿಲ್ಲ. ಬೆನ್ನುನೋವು ಅಂದ್ಲು."

"ಹಾಳಾದವಳು!" ಮಾಕು ನಕ್ಕುಬಿಟ್ಟಳು. ನಗು ಅರ್ಧದಲ್ಲೇ ಅಳುವಾಯಿತು. "ಒಂದು ಸಲ ರಸ್ತೆ ದಾಟಿ ಬಂದು ಹೇಳೋದಲ್ವಾ, ಹಾಳಾದವಳು... ನಾನು ದಿನಾ ಮೂಸಿ ಹೇಳ್ತಿದ್ದೆ."

ಲಾವೆರ್ ಒಂದು ಬೇಸಿನ್ನನ್ನು ಡೆಡೆಯ ತಲೆಯ ಮೇಲಿಟ್ಟ. ಇನ್ನೊಂದನ್ನು ಮಾಕು ತಾನೇ ಎತ್ತಿಕೊಂಡಳು. ಮಿಕ್ಕಿದ್ದಕ್ಕೆ ಆಮೇಲೆ ಬಂದರಾಯಿತು.

*

ಚಪ್ಪರದ ಅಂಚಿನಲ್ಲಿ ಲಾವೆರ್ ಕೊಟ್ಟ ನೀರಿನಲ್ಲಿ ಮಾಕು ಒಂದು ಗುಟುಕು ಕುಡಿದಳು, ಉಳಿದದ್ದನ್ನು ಅವನು ಅಕ್ಕನ ಪಾಲೆಂದು ನೆಲಕ್ಕೆ ಚೆಲ್ಲಿದ. ಹನ್ನೆರಡಕ್ಕೆ ಐದು ನಿಮಿಷವಿತ್ತು. ಮುಚ್ಚಳ ಹಿಡಿದು ನಿಂತಿದ್ದವರು ಪಕ್ಕಕ್ಕೆ ಸರಿದರು.

ಕೊರ್ಲೆಕಿಗೆ ಬಿಳಿ ಲೇಸಿನ ಬಟ್ಟೆ ಉಡಿಸಿ, ಮುಖಕ್ಕೆ ಪೌಡರ್ ಬಳಿದಿದ್ದರು. ಇಷ್ಟು ನೀಟಾಗಿ ಅವಳು ಬದುಕಿದ್ದಾಗ ಇದ್ದವಳೇ ಅಲ್ಲ. ಮಾಕು ಬಹಳ ಹೊತ್ತು ನೋಡಿದಳು. ಆಮೇಲೆ ಪಕ್ಕದಲ್ಲಿಟ್ಟಿದ್ದ ಬೇಸಿನ್ನಿನಿಂದ ಒಂದು ಚಿಟಿಕೆ ಹಿಟ್ಟು ಕಿತ್ತು, ಬೆರಳ ತುದಿಯಲ್ಲಿ ಉಂಡೆ ಮಾಡಿ, ಅಕ್ಕನ ಮೂಗಿನ ಹತ್ತಿರ ಹಿಡಿದಳು.

"ಮೂಸು," ಅಂದಳು. "ಎಷ್ಟು ದಿನದ್ದು, ಹೇಳು."



ಮಾಕು ಕೈ ಹಿಂದೆ ತೆಗೆದು, ತಲೆಯ ಕೆಂಪು ಪಟ್ಟಿ ಬಿಗಿದುಕೊಂಡು ಅಕ್ಕನ ಒಲೆಯ ಕಡೆ ನಡೆದಳು. "ಬೆಂಕಿ ಹಾಕೇ," ಎಂದು ಡೆಡೆಗೆ ಕೂಗಿದಳು.

ಕೊರ್ಲೆಕಿಯ ಮೂಗಿನ ತುದಿಗೆ ಹಿಟ್ಟಿನ ಒಂದು ಬಿಳಿ ಚೂರು ಅಂಟಿಕೊಂಡಿತ್ತು. ಒರೆಸಲು ಬಗ್ಗಿದ ಹೆಂಗಸನ್ನು ಲಾವೆರ್ ತೋಳು ಹಿಡಿದು ತಡೆದ. ಅದರ ಸಮೇತವೇ ಮುಚ್ಚಳ ಮುಚ್ಚಿದರು.