ಹಳ್ಳದ ಓಣಿಯ ಪಾಳಿ

ಊರಿನ ಕೆಲಸಕ್ಕೆ ಹೆಗಲು ಕೊಡದವನು ಅಖಾಡದ ಮಣ್ಣು ಮುಟ್ಟುವ ಹಾಗಿಲ್ಲ. ನಿಲಂಗೆ ಊರಿನ ತಾಲೀಮಿಗೆ, ಅಂದರೆ ಗರಡಿಗೆ, ಕುಸ್ತಿ ಕಲಿಸುವ ಮನ್ಮಥಪ್ಪ ವಸ್ತಾದ ಹಾಕಿದ ಮೊದಲ ಕಟ್ಟಳೆ ಇದು. ದಂಡ ಬೈಠಕ ಹೊಡೆದು, ಮೈಗೆ ಎಣ್ಣೆ ಬಳಿದುಕೊಂಡು ಸುಮ್ಮನೆ ಮೆರೆಯುವ ಹುಡುಗರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ನಿಮ್ಮ ಮೈಯಾಗಿನ ಜೋರು ನಿಮ್ಮಪ್ಪಂದಲ್ಲ, ಊರಿಂದು!" ಎಂದು ಗದರುತ್ತಿದ್ದ. ಗದರಿ ಗದರಿಯೇ ಇಪ್ಪತ್ತು ಹುಡುಗರಿಗೆ ಕುಸ್ತಿಯ ಜೊತೆಗೆ ಬಾವಿಯ ಹೂಳು ತೆಗೆಯುವುದು, ಬಿದ್ದ ಗೋಡೆ ಎತ್ತುವುದು, ಕಾಯಿಲೆಯವರನ್ನು ನೋವಾಗದಂತೆ ಹೊರುವುದು ಎಲ್ಲ ಕಲಿಸಿದ್ದ. ನಿಜಾಮ ಸರ್ಕಾರದ ತಹಸೀಲ್ದಾರರೇ ಒಮ್ಮೆ ಬಂದು ನೋಡಿ "ಶಾಬಾಸ್" ಅಂದಿದ್ದರು. ಆ ಒಂದು ಶಾಬಾಸನ್ನು ಮನ್ಮಥಪ್ಪ ವರ್ಷಗಟ್ಟಲೆ ಮೆಲುಕು ಹಾಕಿದ. ಹಾಕಲಿ ಬಿಡಿ, ಹೊಗಳಿಕೆ ಯಾರಿಗೆ ಬೇಡ?

ಜರ್ಮನ್ ಲಡಾಯಿ ಮುಗಿಯುವ ವರ್ಷ ಮುಂಬೈ ಕಡೆಯ ಜ್ವರ ನಿಲಂಗೆಗೂ ಕಾಲಿಟ್ಟಿತು. ಬೆಳಿಗ್ಗೆ ಕಟ್ಟೆಯ ಮೇಲೆ ಹರಟೆ ಹೊಡೆದವನು ಸಂಜೆಗೆ ಹಾಸಿಗೆ ಹಿಡಿಯುತ್ತಿದ್ದ. ಮನ್ಮಥಪ್ಪ ಹುಡುಗರನ್ನು ಸಾಲಾಗಿ ನಿಲ್ಲಿಸಿ ಓಣಿ ಹಂಚಿದ. ದಿನಕ್ಕೆರಡು ಸಲ ಮನೆಮನೆಗೂ ಕಾಸಿದ ನೀರು, ಜೋಳದ ಅಂಬಲಿ ಒಯ್ಯಬೇಕು. ಏಳಲಾಗದವರನ್ನು ಎತ್ತಿ ಕುಡಿಸಬೇಕು.

ಹಂಚುತ್ತ ಹಂಚುತ್ತ ಹಳ್ಳದ ಓಣಿಯ ಪಾಳಿ ಬಂತು. ಅಲ್ಲಿ ಮನೆಗೊಂದು ಹೆಣ ಬಿದ್ದಿತ್ತು. ಸಾಲಿನಲ್ಲಿ ಆ ಪಾಳಿಗೆ ನಿಂತಿದ್ದವನು ಕಲ್ಯಾಣಪ್ಪ, ವಸ್ತಾದನ ಒಬ್ಬನೇ ಮಗ. ಮನ್ಮಥಪ್ಪನ ನಾಲಿಗೆ ಮಗನ ಹೆಸರಿನ ತನಕ ಬಂದು ಹಿಂದೆ ಸರಿಯಿತು.

"ಹಳ್ಳದ ಓಣಿ ಅಮೋಘಸಿದ್ಧಂದು. ಕಲ್ಯಾಣಿ, ನೀ ಗುಡಿ ಓಣಿಗಿ ಹೋಗು" ಅಂದ. ಗುಡಿ ಓಣಿಯಲ್ಲಿ ಅಷ್ಟು ದಿನ ಒಬ್ಬನೂ ಕೆಮ್ಮಿರಲಿಲ್ಲ.

ಅಮೋಘಸಿದ್ಧ ಕುರಿ ಸಾಕುವ ಮಾಳಮ್ಮನ ಮಗ. ಗಂಡ ಸತ್ತ ಅವಳಿಗೂ ಇದ್ದವನು ಅವನೊಬ್ಬನೇ. ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚಿಕೊಂಡು ಅಖಾಡಕ್ಕೆ ಇಳಿದನೆಂದರೆ ಅವನನ್ನು ಕೆಡವುವವರಿರಲಿಲ್ಲ. ಹಿಂದಿನ ವರ್ಷ ಉದಗೀರದ ಕುಸ್ತಿ ದಂಗಲ್‌ನಲ್ಲಿ ಬಹುಮಾನದ ರುಮಾಲು ಗೆದ್ದು ತಂದವನು ಅವನೇ. "ಹೂಂ ರೀ ವಸ್ತಾದರ" ಅಂದು ಕೊಡ ಹೆಗಲಿಗೇರಿಸಿ ನಡೆದ. ಉಳಿದ ಹುಡುಗರು ನೆಲ ನೋಡಿದರು. ಕಲ್ಯಾಣಪ್ಪನೂ ನೆಲ ನೋಡಿದ.

ಹದಿನಾರು ದಿನ ಅಮೋಘಸಿದ್ಧ ಆ ಓಣಿಯಲ್ಲಿ ದುಡಿದ. ಹದಿನೇಳನೆಯ ದಿನ ತಾನೇ ಬಿದ್ದ. ಇನ್ನೇನು ಹೋದ ಅನ್ನುವಷ್ಟರಲ್ಲಿ ಹೇಗೋ ಉಳಿದುಕೊಂಡ. ಮನ್ಮಥಪ್ಪ ಬೇರೆಯವರ ಕೈಯಲ್ಲಿ ಹಾಲು ಕಳಿಸಿದ, ಬೆಲ್ಲ ಕಳಿಸಿದ. ತಾನು ಮಾತ್ರ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಹೆದರಿದ್ದು ಜ್ವರಕ್ಕಲ್ಲ, ಮಾಳಮ್ಮನ ಮುಖಕ್ಕೆ. ಬಾವಿಯ ದಾರಿಯಲ್ಲಿ ಅವಳ ಸೀರೆಯ ಸೆರಗು ಕಂಡರೆ ಸಾಕು, ಅಷ್ಟು ದೊಡ್ಡ ವಸ್ತಾದ ಕಳ್ಳನ ಹಾಗೆ ಸಂದಿ ಹಿಡಿದು ಹೋಗುತ್ತಿದ್ದ.

ಸಂಕ್ರಾಂತಿ ಕಳೆಯಿತು. ಉದಗೀರದಿಂದ ದಂಗಲ್‌ನ ಕರೆ ಬಂತು. ಹೋದ ಸಲ ಗೆದ್ದವನನ್ನು ಊರಿನ ಅಖಾಡದಲ್ಲಿ ಚಿತ್ ಮಾಡಿದವನೇ ಈ ಸಲ ಹೋಗಬೇಕು. ಇದೂ ಮನ್ಮಥಪ್ಪನದೇ ಕಟ್ಟಳೆ. ಮಗನನ್ನು ಕಳಿಸುವ ಆಸೆ ಅವನಿಗೆ. ಕಟ್ಟಳೆ ಮುರಿದರೆ ಊರು ಏನಂದೀತು? ನಾಚಿಕೆ ಬಿಟ್ಟು ಅಮೋಘಸಿದ್ಧನಿಗೆ ಹೇಳಿಕಳಿಸಿದ: "ಬಂದು ಕಲ್ಯಾಣಿ ಜೋಡಿ ಬರೇ ಕೈ ಕೂಡಿಸಿ ಹೋಗು, ಸಾಕು." ಹಾಸಿಗೆಯಿಂದ ಆಗಷ್ಟೇ ಎದ್ದವನಿಗೆ ಇಂಥ ಮಾತು ಹೇಳಿಕಳಿಸುವ ಬಾಯಿ ಅವನಿಗೆ ಎಲ್ಲಿಂದ ಬಂತೋ!

ಹುಡುಗ ಬಂದ. ಅಂಗಿ ತೆಗೆದಾಗ ಪಕ್ಕೆಲುಬು ಎಣಿಸಬಹುದಿತ್ತು. ಕಲ್ಯಾಣಪ್ಪ ಅವನನ್ನು ಒಣ ಜೋಳದ ಕಣಕಿಯ ಸೂಡಿನಂತೆ ಎತ್ತಿ, ಕೆಡವಲು ಮನಸ್ಸಾಗದೆ, ಮೆಲ್ಲಗೆ ಮಣ್ಣಿನ ಮೇಲೆ ಮಲಗಿಸಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮನ್ಮಥಪ್ಪನಿಗೆ ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ.

ಅಮೋಘಸಿದ್ಧ ಏದುಸಿರು ಬಿಡುತ್ತ ಎದ್ದು ಕೂತು ನಕ್ಕ. "ವಸ್ತಾದರ, ಜ್ವರದಾಗ ಬಿದ್ದಾಗ ಒಂದ್ ಮಾತ್ ನೆಪ್ಪ ಮಾಡಿ ಮಾಡಿ ಜೀವ ಹಿಡದೀನ್ರಿ. ಸ್ವಂತ ಮಗನ್ನ ಬಿಟ್ಟು ಆ ಓಣಿ ನಂಗ ಕೊಟ್ರಿ. ಅಷ್ಟು ಭರೋಸಾ ನನ್ನ ಮ್ಯಾಲ ಯಾರೂ ಇಟ್ಟಿಲ್ಲರಿ."

ಸುಮ್ಮನೆ ತಲೆಯಾಡಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹುಡುಗ ಖುಷಿಯಿಂದ ಮನೆಗೆ ಹೋಗುತ್ತಿದ್ದ, ಮಗ ಉದಗೀರಕ್ಕೆ ಹೋಗುತ್ತಿದ್ದ. ಮನ್ಮಥಪ್ಪ ತಲೆಯಾಡಿಸಲು ಹೊರಟವನೇ ಇದ್ದ. ಆದರೆ ಆ ನಗುವನ್ನು ತಾಳಿಕೊಳ್ಳುವುದು ಅವನಿಂದ ಆಗಲಿಲ್ಲ.

"ಭರೋಸಾ ಅಲ್ಲೋ ಅಮೋಘಾ, ಅಂಜಿಕಿ" ಅಂದ. "ಪಾಳಿ ಕಲ್ಯಾಣಿದಿತ್ತು. ಸತ್ರ ನೀ ಸಾಯಿ, ನನ್ನ ಮಗ ಉಳೀಲಿ ಅಂತ ನಿನ್ನ ಕಳಿಸೀನಿ."

ಕಲ್ಯಾಣಪ್ಪ ಅಖಾಡದಿಂದ ಹೊರಗೆ ಹತ್ತಿ ಗೋಡೆಯ ಕಡೆ ಮುಖ ಮಾಡಿ ನಿಂತ. ಈ ವರ್ಷ ತಾನು ಉದಗೀರಕ್ಕೆ ಹೋಗುವುದಿಲ್ಲವೆಂದು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಮೋಘಸಿದ್ಧನ ಮುಖದ ನಗು ಆರಿತು. ಸಿಟ್ಟಾದರೂ ಬರಲಿ, ಉಗಿಯಲಿ, ಬಯ್ಯಲಿ ಎಂದು ಮನ್ಮಥಪ್ಪ ಕಾದ.

"ನಮ್ಮವ್ವ ಇದೇ ಮಾತು ಅಂದಿದ್ಳರಿ" ಅಂದ ಹುಡುಗ. "ಮೊದಲನೇ ದಿನಾನೇ ಅಂದಳು. ನಮ್ಮ ವಸ್ತಾದರಿಗಿ ಹಿಂಗಂತಿ ಏನು ಅಂತ ನಾ ಆಕೀಗಿ ಹೊಡದೀನ್ರಿ."

ಅವನು ಅಂಗಿ ತೊಟ್ಟುಕೊಂಡು ಎದ್ದ. ಮನ್ಮಥಪ್ಪನೂ ಎದ್ದ.

"ನಾನೂ ಬರ್ತೀನಿ. ಮಾಳಮ್ಮನ ಕಾಲ ಹಿಡೀತೀನಿ."

"ಬ್ಯಾಡ್ರಿ" ಅಂದ ಅಮೋಘಸಿದ್ಧ. ದನಿಯಲ್ಲಿ ಸಿಟ್ಟಿರಲಿಲ್ಲ. "ವಸ್ತಾದರು ಮನಿಗಿ ಬಂದಾರಂತ ಆಕಿ ಎಲ್ಲಾ ಗೊತ್ತಿದ್ದೂ ನಿಮಗ ಹೊಸ ಕಂಬಳಿ ಹಾಸ್ತಾಳ. ಅದು ನನ್ನ ಕೈಲಿ ನೋಡ್ಲಿಕ್ಕಾಗಲ್ಲ."