ಒಲೆ ಮೇಲಿನ ಗೂಡಿನ ತುಂಡುಗಳು

ಅಡುಗೆಮನೆಯ ಕಡೆ ತಲೆ ಹಾಕಿಯೂ ಮಲಗದ ಗಂಡ ದಿನಾ ಸಂಜೆ ಅಲ್ಲಿಗೆ ಬರತೊಡಗಿದರೆ ಯಾವ ಹೆಂಡತಿಗೆ ಅನುಮಾನ ಬರುವುದಿಲ್ಲ? ಮುಷ್ಟಿಯಲ್ಲಿ ಏನನ್ನೋ ಮುಚ್ಚಿಕೊಂಡು ಬರುವುದು, ಒಲೆ ಮೇಲಿನ ಗೂಡಿನಲ್ಲಿ ಇಡುವುದು, ಬೆಕ್ಕಿನ ಹಾಗೆ ಜಾರಿಕೊಳ್ಳುವುದು. ಒಂದು ದಿನ ಕೈಹಾಕಿ ತೆಗೆದೆ. ಒಂದಕ್ಕೊಂದು ಅಂಟಿಸಿದ ಎರಡು ಮರದ ಚೂರುಗಳು!

"ಏನ್ರೀ ಇದು?"

"ಪರೀಕ್ಷೆ ತುಂಡು ಕಣೇ. ಮುಟ್ಬೇಡ."

ಹೇಳಬೇಕು, ನನ್ನ ಗಂಡ ಬಸ್ ಡ್ರೈವರ್. ನೆಲದ ಮೇಲೆ ಓಡಿಸಿದ್ದು ಸಾಲದೆಂದು ಹಿತ್ತಲಿನ ಶೆಡ್ಡಿನಲ್ಲಿ ಎರಡು ಸೀಟಿನ ಪುಟ್ಟ ವಿಮಾನ ಕಟ್ಟುತ್ತಿದ್ದಾರೆ. ರೆಕ್ಕೆ ಮರದ್ದು. ಮರಗೆಲಸ ಕಲಿಸುವ ಗುರು ನನ್ನ ಸ್ವಂತ ಅಣ್ಣ. ಅವನು ಕುರ್ಚಿ, ಮೇಜು ಮಾಡುವ ಬಡಗಿ. ವಿಮಾನದ ಅಂಟಿನ ಕೆಲಸ ಅವನಿಗೂ ಹೊಸದು. ಹಾಗಾಗಿ ಇಬ್ಬರೂ ರಜೆಯ ದಿನ ತರಗತಿಗೆ ಹೋಗಿ ಕಲಿತು ಬಂದರು. ಅಂಟು ಕಲಸಿದಾಗಲೆಲ್ಲ ಅದೇ ಅಂಟಿನಿಂದ ಎರಡು ಚೂರು ಅಂಟಿಸಿಡಬೇಕು, ಮರುದಿನ ಮುರಿದು ನೋಡಬೇಕು. ಮರ ಸೀಳಿದರೆ ಪಾಸು, ಅಂಟು ಬಿಟ್ಟರೆ ಫೇಲು.

ಬೆಳಗಾದರೆ ಅಣ್ಣ ಹಾಜರು. ತುಂಡನ್ನು ಮುರಿಯುತ್ತಾನೆ, ಮರ ಸೀಳುತ್ತದೆ, ಭಾವ-ಮೈದುನ ಬೆನ್ನು ತಟ್ಟಿಕೊಳ್ಳುತ್ತಾರೆ. ನನಗೆ ಮಾತ್ರ ಸಮಾಧಾನವಿಲ್ಲ. ನಮ್ಮ ಮದುವೆಗೆ ಅಣ್ಣ ಮಾಡಿಕೊಟ್ಟ ಮಂಚ ಇಂದಿಗೂ ಕಿರುಗುಟ್ಟುತ್ತದೆ. ಮಂಚ ಮುರಿದರೆ ಬೀಳುವುದು ಮೊಣಕಾಲೆತ್ತರದಿಂದ. ರೆಕ್ಕೆ ಮುರಿದರೆ?

ಚಳಿಗಾಲ ಪೂರ್ತಿ ಒಂದು ತುಂಡೂ ಫೇಲಾಗಲಿಲ್ಲ. ಅದೇ ನನ್ನ ಕಣ್ಣಿಗೆ ಚುಚ್ಚಿದ್ದು. ಬೆಳ್ಳಗಿರುವುದೆಲ್ಲ ಹಾಲಲ್ಲ.

ರೆಕ್ಕೆಗೆ ಬಟ್ಟೆ ಹೊದಿಸುವ ದಿನ ಹತ್ತಿರ ಬಂತು. ಹೊದಿಸಿಬಿಟ್ಟರೆ ಒಳಗಿನ ಜೋಡಣೆ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಬೆಳಿಗ್ಗೆ ಚಹಾ ಕೊಡಲು ಶೆಡ್ಡಿಗೆ ಹೋದೆ. ಲೋಟ ಕೆಳಗಿಡುವಷ್ಟರಲ್ಲಿ ಅಲ್ಲಿನ ಚಳಿಗೆ ನನ್ನ ಬೆರಳು ಮರಗಟ್ಟಿತು.

"ತುಂಡನ್ನ ಇಲ್ಲೇ ಇಡೋದು ಬಿಟ್ಟು ನನ್ನ ಅಡುಗೆಮನೇಲಿ ಯಾಕ್ರೀ ಇಡ್ತೀರಾ?"

"ಇಲ್ಲಿ ಇಲಿ ಕಾಟ. ಒಂದನ್ನ ಎಳ್ಕೊಂಡು ಹೋಗಿತ್ತು. ಗೂಡಾದ್ರೆ ಬೆಚ್ಚಗೆ, ಭದ್ರವಾಗಿರತ್ತೆ."

"ತುಂಡು ಬೆಚ್ಚಗೆ ಮಲಗತ್ತೆ. ರೆಕ್ಕೆ ಎಲ್ಲಿ ಮಲಗತ್ತೆ?"

ಅಣ್ಣ ನಕ್ಕ. "ಶುರುವಾಯ್ತಪ್ಪ ಪತ್ತೇದಾರಿ! ಅಂಟು ಅಂಟೇ ಅಲ್ವೇನೇ?"

"ಹಿಟ್ಟೂ ಹಿಟ್ಟೇ. ಒಲೆ ಪಕ್ಕ ಇಟ್ರೆ ಉಬ್ಬತ್ತೆ, ಚಳೀಲಿಟ್ರೆ ಸುಮ್ನೆ ಕೂರತ್ತೆ. ರೆಕ್ಕೇಲೇ ಅಂಟಿಸಿರೋ ಒಂದು ಮರದ ಪಟ್ಟಿ ಕಿತ್ತು ನೋಡಿ."

ನಗು ಅಲ್ಲಿಗೇ ನಿಂತಿತು. ಗಂಡನ ಮುಖ ನೋಡಲಾಗಲಿಲ್ಲ. ಎಷ್ಟು ರಜೆ, ಎಷ್ಟು ನಿದ್ದೆ ಸುರಿದಿದ್ದರು ಆ ರೆಕ್ಕೆಗೆ! ನಾನೇ ಉಳಿ ಎತ್ತಿಕೊಂಡೆ. ಅಣ್ಣ ನನ್ನ ಮಣಿಕಟ್ಟು ಹಿಡಿದ.

"ಬಿಡಿ ಭಾವ," ಎಂದು ಗಂಡ ಉಳಿಯನ್ನು ತಾವೇ ಇಸಿದುಕೊಂಡರು.

ದೇವರೇ, ಇದೊಂದು ಸಲ ನನ್ನ ಅನುಮಾನ ಸುಳ್ಳಾಗಲಿ ಎಂದು ಬೇಡಿಕೊಂಡೆ. ಉಳಿಯ ತುದಿ ತಾಗಿದ್ದೇ ತಡ, ಪಟ್ಟಿ ಡಬ್ಬಿಯ ಮುಚ್ಚಳದಂತೆ ಕಳಚಿ ಬಂತು. ಮರಕ್ಕೆ ಒಂದು ಗೀರೂ ಇಲ್ಲ. ಅಂಟು ಇನ್ನೂ ಮೆತ್ತಗಿತ್ತು. ಗಂಡ ಇನ್ನೊಂದನ್ನು ಕಿತ್ತರು, ಮತ್ತೊಂದನ್ನು ಕಿತ್ತರು. ಎಲ್ಲದರದ್ದೂ ಅದೇ ಕಥೆ. ಅಣ್ಣ ಗೋಡೆಗೊರಗಿ ಕುಸಿದು ಕೂತ. ನಾನು ಗೆದ್ದಿದ್ದೆ, ಆದರೂ ಬಿಕ್ಕಿ ಬಿಕ್ಕಿ ಅತ್ತೆ. ಇವರು ಇದರಲ್ಲೇ ಹಾರುತ್ತಿದ್ದರು.

ಆ ರೆಕ್ಕೆ ಸೌದೆಯಾಯಿತು. ಶೆಡ್ಡಿಗೆ ಹೀಟರ್ ಬಂತು. ಹೊಸ ರೆಕ್ಕೆಯ ಪರೀಕ್ಷೆ ತುಂಡುಗಳು ಇಲಿಗೆ ಸಿಗದಂತೆ ತಂತಿಬುಟ್ಟಿಯಲ್ಲಿ, ರೆಕ್ಕೆಯ ಪಕ್ಕದಲ್ಲೇ ತೂಗುತ್ತವೆ. ಮುರಿಯುವ ಕೆಲಸ ಈಗ ನನ್ನದು. ಅಣ್ಣ ಎದುರಿಗೆ ಬಂದು ನಿಂತು ಉಗುರು ಕಚ್ಚುತ್ತಾನೆ.

ನಿನ್ನೆ ಕೊನೆಯ ಜೋಡಣೆಯ ತುಂಡನ್ನು ಮುರಿದೆ. ಟಪ್ಪೆಂದು ಮರ ಸೀಳಿತು. ಅಂಟು ಕದಲಲಿಲ್ಲ.

"ಈಗ್ಲಾದ್ರೂ ನಂಬಿಕೆ ಬಂತಾ?" ಎಂದರು ಗಂಡ. ಆಮೇಲೆ ಬೇರೆಲ್ಲೋ ನೋಡುತ್ತ, "ಹಿಂದಿನ ಸೀಟು ನಿಂಗೇ ಅಂತ ಮಾಡಿದ್ದು ಕಣೇ," ಎಂದರು.

ಮುರಿದ ತುಂಡನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದೆ.

"ಇನ್ನೊಂದು ಕೊಡಿ," ಎಂದೆ.